ಬಾಣಗಳಿಲ್ಲದ ನೀಲಿ ಮನುಷ್ಯ

ಫೆಬ್ರವರಿ 9

ಮಂಡಿಯ ಆಪರೇಷನ್ ಆಗಿ ಇಂದಿಗೆ ಹನ್ನೆರಡು ದಿನ. ಮಂಚದಿಂದ ಮೇಜಿಗೆ ಒಂಬತ್ತು ಹೆಜ್ಜೆ. ವಾಕರ್ ಹಿಡಿದು ಆರು ಹೆಜ್ಜೆ ಹಾಕಿದೆ. ಏಳನೆಯದಕ್ಕೆ, ಹಾಳಾಗಿ ಹೋಗಲಿ ಎಂದು ನಡುವೆ ಇದ್ದ ಕುರ್ಚಿಯಲ್ಲಿ ಕುಸಿದೆ. ಉಳಿದ ದೂರವನ್ನು ತಂಗಿ ನನ್ನನ್ನು ಕುರ್ಚಿ ಸಮೇತ ಎಳೆದು ಮುಗಿಸಿದಳು.

ಈ ನೋಟ್‌ಬುಕ್ ತಂದವಳೂ ಅವಳೇ. "ಯಾರ ಮೇಲೆ ಕೂಗಾಡ್ಬೇಕು ಅನ್ಸುತ್ತೋ ಎಲ್ಲಾ ಇದ್ರಲ್ಲಿ ಬರ್ಕೋ ಅಕ್ಕಾ. ನನ್ನ ಮೇಲೆ ಬೇಡ. ನಂಗೆ ಶಾಲೇಲಿ ಅರವತ್ತು ಮಕ್ಕಳಿದ್ದಾರೆ, ಅಷ್ಟು ಕೂಗಾಟ ಸಾಕು." ಲೆಕ್ಕದ ಟೀಚರ್ ಅವಳು. ಎಲ್ಲದಕ್ಕೂ ಕೊನೆಯಲ್ಲಿ ಒಂದು ಉತ್ತರ ಸಿಗಲೇಬೇಕು ಎಂದು ನಂಬಿದವಳು.

ಸರಿ, ಕೂಗಾಡುತ್ತೇನೆ. ಮೊದಲು ಆಸ್ಪತ್ರೆಯವರು ಕೊಟ್ಟ ವ್ಯಾಯಾಮದ ಹಾಳೆಗಳ ಮೇಲೆ. ನಕಲಿನ ನಕಲು, ಅದರ ನಕಲು. ಮಲಗಿರುವುದು ಮನುಷ್ಯನೋ ಮಡಚಿಟ್ಟ ಕಂಬಳಿಯೋ ಗೊತ್ತಾಗುವುದಿಲ್ಲ. ಕಾಲು ಮೇಲೆ ಎತ್ತಬೇಕೋ ಪಕ್ಕಕ್ಕೆ ಸರಿಸಬೇಕೋ ಅದನ್ನು ಬರೆದ ಪುಣ್ಯಾತ್ಮನಿಗೇ ಗೊತ್ತು. ಒಟ್ಟು ಹತ್ತೊಂಬತ್ತು ವ್ಯಾಯಾಮವಂತೆ, ದಿನಕ್ಕೆ ಮೂರು ಸಲವಂತೆ. ಮಾಡುವುದಿಲ್ಲ, ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಎರಡನೆಯ ಕೂಗು ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ. ಹದಿನಾಲ್ಕು ವರ್ಷ ಮೂರನೆಯ ಮಹಡಿಯ ಆ ಡಿಸೈನ್ ರೂಮಿನಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ದುಡಿದಿದ್ದೇನೆ. ಲಿಫ್ಟ್ ಇಲ್ಲ. ಈ ಕಾಲಿನಲ್ಲಿ ಅಲ್ಲಿಗೆ ಹತ್ತುವ ಮಾತೇ ಇಲ್ಲ. ಮನೆಯಲ್ಲೇ ಕೂತು ಏನಾದರೂ ಮಾಡೋಣವೆಂದು ನನ್ನ ಚಿತ್ರಗಳನ್ನೆಲ್ಲ ಒಂದು ಡಿಸ್ಕಿನಲ್ಲಿ ತರಿಸಿಕೊಂಡಿದ್ದೆ. ಈ ಹೊತ್ತು ತೆರೆಯಲು ಹೋದರೆ ಆ ದೊಡ್ಡ ಸಾಫ್ಟ್‌ವೇರ್, 'ನಿಮ್ಮ ಖಾತೆ ಈಗ ಚಾಲ್ತಿಯಲ್ಲಿಲ್ಲ' ಎಂದು ಬಾಗಿಲು ಮುಚ್ಚಿತು.

ಯಜಮಾನರಿಗೆ ಫೋನ್ ಮಾಡಿದೆ. "ನೀವು ರಜೆ ಮೇಲಿದ್ದೀರಲ್ಲಮ್ಮಾ, ಅದಕ್ಕೆ ನಿಮ್ಮ ಅಕೌಂಟು ಹೊಸ ಡಿಸೈನರ್‌ಗೆ ಕೊಟ್ಟೆ. ನಾವು ಬಾಡಿಗೆಗೆ ತಗೊಂಡಿರೋದೇ ಒಂದು," ಎಂದರು, ಪಕ್ಕದವರಿಗೆ ಛತ್ರಿ ಕೊಟ್ಟಷ್ಟು ಸಲೀಸಾಗಿ.

ಚಿತ್ರಗಳು ನನ್ನವು. ಗೆರೆ ಎಳೆದದ್ದು ಈ ಕೈ. ನೋಡಲು ಮಾತ್ರ ನನಗೆ ಅಪ್ಪಣೆ ಇಲ್ಲ. ಮೈಯೆಲ್ಲ ಉರಿದುಹೋಯಿತು.

ಫೆಬ್ರವರಿ 12

ತಂಗಿ ಅವಳ ಶಾಲೆಯ ಕಂಪ್ಯೂಟರ್ ಮೇಷ್ಟ್ರನ್ನು ಕರೆತಂದಳು. ಅವರು ನನ್ನ ಹಳೆಯ ಕಂಪ್ಯೂಟರಿನ ಮೈದಡವಿ, "ಇದಕ್ಕೆ ಲಿನಕ್ಸ್ ಹಾಕೋಣ, ದುಡ್ಡಿಲ್ಲದೆ ಸಿಗೋ ಆಪರೇಟಿಂಗ್ ಸಿಸ್ಟಮ್, ಓಡುತ್ತೆ," ಎಂದು ಅರ್ಧ ಗಂಟೆಯಲ್ಲಿ ಹಾಕಿಯೇಬಿಟ್ಟರು. ಚಿತ್ರ ಬರೆಯುವುದಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟುವುದಕ್ಕೆ ಸ್ಕ್ರೈಬಸ್. ಎರಡಕ್ಕೂ ಬಾಡಿಗೆ ಇಲ್ಲ, ಅಪ್ಪಣೆ ಕೇಳುವ ಗೋಜಿಲ್ಲ.

ಹಳೆಯ ಚಿತ್ರಗಳಲ್ಲಿ ಅರ್ಧ ಸರಿಯಾಗಿ ತೆರೆದವು. ಕೆಲವು ಕೈಕಾಲು ಮುರಿದುಕೊಂಡು ತೆರೆದವು. ಕೆಲವು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಇರಲಿ. ತೆರೆದ ಅರ್ಧವಾದರೂ ನನ್ನದು.

ಬೆರಳುಗಳದ್ದೇ ಕಾಟ. ಹದಿನಾಲ್ಕು ವರ್ಷ ಒತ್ತಿದ ಕೀಗಳನ್ನೇ ಒತ್ತುತ್ತವೆ, ಇಲ್ಲಿ ಅದಕ್ಕೆ ಬೇರೆಯೇ ಅರ್ಥ. ಗೆರೆ ಎಳೆಯಲು ಹೋದರೆ ಗೆರೆ ಮಾಯ. ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲ.

ಫೆಬ್ರವರಿ 16

ಫಿಸಿಯೋ ಡಾಕ್ಟರಮ್ಮ ಮನೆಗೆ ಬಂದಿದ್ದರು. ನನ್ನ ಮಂಡಿಯನ್ನು ಮಡಚಿಸಿ ನೋಡಿ, ತಲೆ ಅಲ್ಲಾಡಿಸಿದರು.

"ನೀವು ವ್ಯಾಯಾಮ ಮಾಡ್ತಾ ಇಲ್ಲ."

"ನಿಮ್ಮ ಹಾಳೆ ನೋಡಿ ಯಾರು ತಾನೇ ಮಾಡ್ತಾರೆ? ಆ ಚಿತ್ರದಲ್ಲಿರೋನಿಗೆ ಮೂರು ಕಾಲಿದೆ."

"ಮೂರನೇದು ದಿಂಬು."

"ಅದನ್ನ ನೀವು ಬಾಯಲ್ಲಿ ಹೇಳ್ಬೇಕಾಯ್ತು. ಚಿತ್ರ ಹೇಳಲಿಲ್ಲ."

ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಹಾಗಾದ್ರೆ ನೀವೇ ಬರೆದುಕೊಡಿ. ಆಸ್ಪತ್ರೆಯಿಂದ ಪುಸ್ತಿಕೆ ಮಾಡಿಸ್ಬೇಕು ಅಂತ ವರ್ಷದಿಂದ ಹೇಳ್ತಿದ್ದೀನಿ. ನಮ್ಮ ಪ್ರಿಂಟಿಂಗ್ ಎಲ್ಲಾ ನಿಮ್ಮ ಪ್ರೆಸ್ಸಲ್ಲೇ ಆಗೋದು," ಎಂದರು.

ತಕ್ಷಣ ಯಜಮಾನರಿಗೆ ಫೋನ್. ಲಿನಕ್ಸ್ ಎಂದ ಕೂಡಲೇ ಶುರು ಮಾಡಿದರು, "ಬಿಟ್ಟಿ ಸಾಫ್ಟ್‌ವೇರಲ್ಲಿ ಪ್ರೆಸ್ ಕೆಲಸ ಆಗಲ್ಲಮ್ಮಾ. ಬಣ್ಣ ಕೆಡುತ್ತೆ, ಪ್ಲೇಟ್ ಕೆಡುತ್ತೆ, ಕೊನೆಗೆ ನನ್ನ ಹೆಸರು ಕೆಡುತ್ತೆ."

"ಒಂದು ಕೆಲಸ ಕೊಟ್ಟು ನೋಡಿ."

"ಆಯ್ತು, ಇದೊಂದು. ಪುಸ್ತಿಕೆ ಮೆಷಿನ್ನಿಂದ ಒಂದೂ ತಪ್ಪಿಲ್ಲದೆ ಇಳೀತು ಅಂದ್ರೆ ನಿಮಗೆ ಬೇಕಾದ್ದರಲ್ಲಿ ಮಾಡಿ, ಮನೇಲೇ ಕೂತು ಮಾಡಿ, ನಾನು ಕೇಳಲ್ಲ. ಒಂದು ತಪ್ಪು ಬಂದ್ರೂ ಅದನ್ನೆಲ್ಲ ಬಿಟ್ಟು ವಾಪಸ್ ಕುರ್ಚಿಗೆ."

ಒಪ್ಪಿಕೊಂಡೆ. ಬಾಯಿ ಒಪ್ಪಿದ ಮೇಲೆ, ಸೋತರೆ ಏನೆಂದು ಲೆಕ್ಕ ಹಾಕಿದೆ. ಪುನಃ ಆ ಕುರ್ಚಿ, ಇನ್ನೊಬ್ಬರ ಕೈಯಲ್ಲಿರುವ ಬೀಗ, ನನ್ನ ಗೆರೆಗೆ ನಾನೇ ಅಪ್ಪಣೆ ಕೇಳುವುದು! ಸತ್ತರೂ ಇಲ್ಲ.

ಫೆಬ್ರವರಿ 19

ಬೋಳು ತಲೆಯ ಒಬ್ಬ ನೀಲಿ ಮನುಷ್ಯನನ್ನು ಬರೆದೆ. ಗಂಡಸೂ ಅಲ್ಲ, ಹೆಂಗಸೂ ಅಲ್ಲ. ಕಣ್ಣು ಮೂಗು ಇಲ್ಲ. ಮೈ ಪೂರ್ತಿ ಒಂದೇ ನೀಲಿ. ಯಾವ ಕಡೆ ಮಡಚಬೇಕು, ಎತ್ತಬೇಕು ಎಂದು ತೋರಿಸಲು ಆ ನೀಲಿಯ ಮೇಲೆ ದಪ್ಪನೆಯ ಬಿಳಿ ಬಾಣ. ಕನ್ನಡಕ ಮರೆತು ಬಂದವರಿಗೂ ಕಾಣಬೇಕು.

ಎರಡನೆಯ ವ್ಯಾಯಾಮದಲ್ಲೇ ಸಿಕ್ಕಿಬಿದ್ದೆ. ಹಿಮ್ಮಡಿ ಹಾಸಿಗೆಗೆ ಒತ್ತಿದಾಗ ಮಂಡಿ ಕೆಳಗೆ ಹೋಗುತ್ತದೋ ಮೇಲೆ ಬರುತ್ತದೋ? ತಂಗಿಯನ್ನು ಮಲಗಿಸಿ ನೋಡೋಣವೆಂದರೆ ಅವಳು ಶಾಲೆಯಲ್ಲಿ. ನಾನೇ ಮಲಗಿ ಒತ್ತಿ ನೋಡಿದೆ. ಕೆಳಗೆ. ಖಾತ್ರಿಯಾಗಲಿ ಎಂದು ಹತ್ತು ಸಲ ಒತ್ತಿದೆ.

ಫೆಬ್ರವರಿ 24

ಐದು ಚಿತ್ರ ಮುಗಿದವು. ಆರನೆಯದು ಮುಗಿಯುತ್ತಿಲ್ಲ. ಮಂಚದ ಅಂಚಿನಲ್ಲಿ ಕೂತು ಕಾಲು ನೇರ ಚಾಚಬೇಕು, ಪಾದ ಯಾವ ಎತ್ತರಕ್ಕೆ ಬರುತ್ತದೆ ಎಂದು ನೋಡಲು ಇವತ್ತು ನಲವತ್ತು ಸಲ ಚಾಚಿರಬೇಕು. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನೇ ನಗ್ತೀಯ?"

"ಏನಿಲ್ಲ. ವ್ಯಾಯಾಮ ಮಾಡಲ್ಲ ಅಂದಿದ್ದೆಯಲ್ಲ."

"ಇದು ವ್ಯಾಯಾಮ ಅಲ್ಲ. ಡ್ರಾಯಿಂಗ್."

"ಹೌದು ಹೌದು," ಎಂದು ಹೋದಳು. ಅವಳ ಆ 'ಹೌದು ಹೌದು' ಕೇಳಿದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಅಡುಗೆಮನೆವರೆಗೂ ಹಿಂದೆಯೇ ಹೋಗಿ ಬೈದು ಬಂದೆ.

ಮಾರ್ಚ್ 3

ಬರೀ ಕಪ್ಪು ಅಕ್ಷರ, ಅದರಲ್ಲೂ ನಾಲ್ಕೂ ಬಣ್ಣದ ಶಾಯಿ ಬೆರೆತುಕೊಂಡು ಬರುತ್ತಿದೆ! ಪ್ರೆಸ್ಸಿನಲ್ಲಿ ಹೀಗೆ ಕಳಿಸಿದರೆ ಅಕ್ಷರ ಮಸಕಾಗಿ ಕೂರುತ್ತದೆ. ಎರಡು ದಿನ ತಲೆ ಚಚ್ಚಿಕೊಂಡು ಕೊನೆಗೆ ಲಿನಕ್ಸ್ ಬಳಸುವ ಚಿತ್ರಕಾರರ ವೇದಿಕೆಯೊಂದರಲ್ಲಿ ಬರೆದೆ: 'ಈ ಸಾಫ್ಟ್‌ವೇರ್ ಮಾಡಿದವರು ಜೀವನದಲ್ಲಿ ಪ್ರೆಸ್ಸಿನ ಮೆಟ್ಟಿಲು ಹತ್ತಿದ್ದಾರೆಯೇ?'

'ಹಳೇಬೆಕ್ಕು' ಎಂದು ಹೆಸರಿಟ್ಟುಕೊಂಡ ಯಾರೋ ಉತ್ತರ ಕೊಟ್ಟರು. 'ಇಪ್ಪತ್ತೆರಡು ವರ್ಷ ಹತ್ತಿದ್ದೇನೆ. ಇಂಕ್‌ಸ್ಕೇಪ್ ಪರದೆಯ ಬಣ್ಣಗಳಲ್ಲಿ ಯೋಚಿಸುತ್ತದೆ, ಅಚ್ಚಿನ ಶಾಯಿಯಲ್ಲಿ ಅಲ್ಲ. ಅಲ್ಲಿ ಗೆರೆ ಮಾತ್ರ ಬರೆಯಿರಿ. ಬಣ್ಣ, ಅಕ್ಷರ, ಗುರುತು ಎಲ್ಲ ಸ್ಕ್ರೈಬಸ್‌ನಲ್ಲಿ ಹಾಕಿ. ಕೋಪ ಕಮ್ಮಿ ಮಾಡಿಕೊಳ್ಳಿ.'

ಕೊನೆಯ ಮಾತು ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದೆ. ಕಪ್ಪು ಕಪ್ಪೇ ಆಗಿ ಬಂತು. ಥ್ಯಾಂಕ್ಸ್ ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಮಾರ್ಚ್ 8

ಹಳೇಬೆಕ್ಕಿಗೆ ಥ್ಯಾಂಕ್ಸ್ ಹೇಳಿದೆ. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು.

ಮಾರ್ಚ್ 11

ಡಾಕ್ಟರಮ್ಮ ಚಿತ್ರಗಳನ್ನು ನೋಡಿ ಹದಿಮೂರನೆಯದಕ್ಕೆ ತಕರಾರು ತೆಗೆದರು. ಮೆಟ್ಟಿಲು ಹತ್ತುವಾಗ ಮೊದಲು ಒಳ್ಳೆಯ ಕಾಲು ಇಡಬೇಕು, ಇಳಿಯುವಾಗ ಮೊದಲು ನೋವಿನ ಕಾಲು. ನಾನು ಉಲ್ಟಾ ಬಾಣ ಹಾಕಿದ್ದೆ. ಅವರು ಹೋದ ಮೇಲೆ, ಹೇಳಿದ್ದು ಸರಿಯೇ ನೋಡೋಣವೆಂದು ಮನೆ ಮುಂದಿನ ಮೂರು ಮೆಟ್ಟಿಲನ್ನು ಇಳಿದೆ, ಹತ್ತಿದೆ, ಇಳಿದೆ, ಹತ್ತಿದೆ. ಅವರು ಹೇಳಿದ್ದೇ ಸರಿ. ಬಾಣ ತಿರುಗಿಸಿದೆ. ಎದುರು ಮನೆಯ ದರ್ಜಿ ಕತ್ತರಿ ಕೆಳಗಿಟ್ಟು ನೋಡುತ್ತಿದ್ದ. ನೋಡಲಿ.

ವಾಕರ್ ಅನ್ನು ತಂಗಿ ಅಟ್ಟಕ್ಕೆ ಹಾಕಿದ್ದಾಳೆ. ಕೇಳದೆ ಹಾಕಿದಳಲ್ಲ ಎಂದು ರೇಗಿದೆ. ಈಗ ಊರುಗೋಲು ಒಂದೇ.

ಮಾರ್ಚ್ 18

ಇಪ್ಪತ್ನಾಲ್ಕು ಪುಟ, ಹತ್ತೊಂಬತ್ತು ವ್ಯಾಯಾಮ, ಮೂವತ್ತೊಂದು ಬಾಣ. ಪ್ರೆಸ್ಸಿನವರು ಮಾಮೂಲಿ ಪ್ರಿಂಟರಿನಲ್ಲಿ ಮಾದರಿ ತೆಗೆದು ಕಳಿಸಿದರು. ಡಾಕ್ಟರಮ್ಮ ಪುಟ ಪುಟಕ್ಕೂ ಸಹಿ ಹಾಕಿದರು. ಯಜಮಾನರು ಫೋನಿನಲ್ಲಿ, "ಪರವಾಗಿಲ್ಲ," ಎಂದರು. ಅವರ ಬಾಯಿಂದ ಪರವಾಗಿಲ್ಲ ಬರುವುದೆಂದರೆ ಬೇರೆಯವರು ಹಾರ ಹಾಕಿದ ಹಾಗೆ.

ಹೇಳಿರಲಿಲ್ಲವೇ? ಬಿಟ್ಟಿ ಸಾಫ್ಟ್‌ವೇರಂತೆ!

ಮಾರ್ಚ್ 20

ಭೂತಗನ್ನಡಿ ಫೋನ್ ಮಾಡಿದ್ದ. ಪ್ರೆಸ್ಸಿನಲ್ಲಿ ಪ್ಲೇಟ್, ಅಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚಿನ ತಗಡು, ಮಾಡುವವನು. ಕೊರಳಲ್ಲಿ ಸದಾ ಒಂದು ಭೂತಗನ್ನಡಿ ನೇತುಹಾಕಿಕೊಂಡಿರುವುದರಿಂದ ನಾನೇ ಇಟ್ಟ ಹೆಸರು. ಹದಿನಾಲ್ಕು ವರ್ಷದಲ್ಲಿ ನನ್ನ ಒಂದು ಪುಟವನ್ನೂ ತಕರಾರಿಲ್ಲದೆ ತೆಗೆದುಕೊಂಡವನಲ್ಲ.

"ಮೇಡಂ, ನೀಲಿ ಮೇಲೆ ಕಪ್ಪು ಅಕ್ಷರ ಇದೆಯಲ್ಲ, ಅದು ಓವರ್‌ಪ್ರಿಂಟ್ ಇಲ್ಲ. ಮೆಷಿನ್ನಲ್ಲಿ ಕಾಗದ ಒಂದು ಚೂರು ಜರುಗಿದ್ರೂ ಅಕ್ಷರದ ಸುತ್ತ ಬಿಳಿ ಎಳೆ ಕಾಣುತ್ತೆ."

ಓದುವವರಿಗೆ ಹೇಳಿದರೆ ಇಷ್ಟೇ: ನೀಲಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಬರಬೇಕಾದರೆ, ಅಕ್ಷರದ ಜಾಗದಲ್ಲಿ ನೀಲಿಯನ್ನು ಕೊರೆದು ಖಾಲಿ ಬಿಡಬಹುದು, ಇಲ್ಲವೇ ನೀಲಿಯನ್ನು ಹಾಗೇ ಬಿಟ್ಟು ಅದರ ಮೇಲೆಯೇ ಕಪ್ಪನ್ನು ಹೊಡೆಯಬಹುದು. ಎರಡನೆಯದೇ ಓವರ್‌ಪ್ರಿಂಟ್. ಓದುವವರು ಯಾರು ಇದನ್ನು? ನಾನೇ. ಇರಲಿ.

ಅವನು ಹೇಳಿದ್ದು ಸರಿ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ದೊಡ್ಡ ಸಾಫ್ಟ್‌ವೇರಲ್ಲಿ ಇದು ತಾನಾಗೇ ಆಗ್ತಿತ್ತು," ಎಂದು ಬೇರೆ ಸೇರಿಸಿದ. "ಇದರಲ್ಲೂ ಹತ್ತು ನಿಮಿಷದಲ್ಲಿ ಆಗುತ್ತೆ, ಗಡಿಯಾರ ನೋಡ್ಕೊಳ್ಳಿ," ಎಂದು ಫೋನ್ ಇಟ್ಟೆ. ಎಂಟೇ ನಿಮಿಷದಲ್ಲಿ ಮಾಡಿ ಕಳಿಸಿದೆ.

ಮಾರ್ಚ್ 25

ಎಲ್ಲ ಹಾಳಾಯಿತು.

ಮೆಷಿನ್ ಶುರುವಾಗಿ ಐನೂರು ಹಾಳೆ ಇಳಿದ ಮೇಲೆ ಯಾರೋ ನೋಡಿದರಂತೆ. ನೀಲಿ ಮನುಷ್ಯ ಇದ್ದಾನೆ, ದಿಂಬು ಇದೆ, ಮಂಚ ಇದೆ, ಅಕ್ಷರ ಇದೆ. ಬಾಣ ಇಲ್ಲ. ಒಂದೂ ಇಲ್ಲ. ಮೂವತ್ತೊಂದೂ ಇಲ್ಲ. ನೀಲಿ ಮನುಷ್ಯ ಮಲಗಿಯೇ ಇದ್ದಾನೆ, ಕಾಲನ್ನು ಏನು ಮಾಡಬೇಕೆಂದು ಅವನಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ಮೆಷಿನ್ ನಿಲ್ಲಿಸಿದ್ದಾರೆ.

ನನ್ನ ಪರದೆಯ ಮೇಲೆ ಬಾಣಗಳು ನೆಟ್ಟಗಿವೆ. ಇಲ್ಲಿ ಮೂಲೆಯ ಅಂಗಡಿಯಲ್ಲಿ ತೆಗೆಸಿದ ಪ್ರಿಂಟಿನಲ್ಲೂ ಇವೆ. ತಪ್ಪು ನನ್ನದಲ್ಲ. ಅಲ್ಲ, ಅಲ್ಲ.

ಮಾರ್ಚ್ 26

ಗೆದ್ದೆ!

ಯಜಮಾನರೇ ಫೋನ್ ಮಾಡಿದರು. ಕಂಪ್ಯೂಟರಿನಲ್ಲಿ ಫೈಲ್ ತೆರೆದು ನೋಡಿದರಂತೆ, ಬಾಣಗಳಿವೆ. ಡಾಕ್ಟರಮ್ಮ ಸಹಿ ಹಾಕಿದ ಮಾದರಿಯಲ್ಲೂ ಇವೆ. ಅಂದ ಮೇಲೆ ಕೆಟ್ಟದ್ದು ಪ್ಲೇಟ್ ರೂಮಿನಲ್ಲಿ. ಹೋದ ವಾರ ಭೂತಗನ್ನಡಿ ಪ್ಲೇಟ್ ಮೆಷಿನ್ನಿನ ಸೆಟ್ಟಿಂಗ್ ಏನೋ ಬದಲಿಸಿದ್ದನಂತೆ. "ಅವನನ್ನ ಕೇಳಿದ್ರೆ ಬಾಯೇ ಬಿಡಲ್ಲ. ಬೈಂಡಿಂಗ್ ಟೇಬಲ್‌ಗೆ ಹಾಕಿದ್ದೀನಿ, ಕೂತು ಹಾಳೆ ಮಡಚಲಿ. ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲಮ್ಮಾ. ಕೊಟ್ಟ ಮಾತು ಕೊಟ್ಟ ಹಾಗೆ. ಮನೇಲೇ ಮಾಡಿ, ನಿಮ್ಮ ಲಿನಕ್ಸಲ್ಲೇ ಮಾಡಿ."

ತಂಗಿಗೆ ಹೇಳಿದೆ. ಹಳೇಬೆಕ್ಕಿಗೆ ಬರೆದೆ. ಎದುರು ಮನೆಯ ದರ್ಜಿಗೂ ಹೇಳಿದೆ, ಅವನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ನಕ್ಕ.

ಮಾರ್ಚ್ 27

ಹಳೇಬೆಕ್ಕಿನ ಉತ್ತರ ಬಂತು. 'ಅಭಿನಂದನೆ. ಆದರೆ ಬಿಳಿಯೊಂದೇ ಮಾಯವಾಯಿತು ಎನ್ನುತ್ತೀರಿ. ಕಪ್ಪನ್ನು ಓವರ್‌ಪ್ರಿಂಟ್ ಮಾಡುವಾಗ ಏನೇನು ಆರಿಸಿದ್ದಿರಿ?'

ಓದಿದೆ. ಎದ್ದು ಹೋಗಿ ನೀರು ಕುಡಿದೆ. ಬಂದು ಮತ್ತೆ ಓದಿದೆ.

ಏನೇನು ಆರಿಸಿದ್ದೆ? ಎಲ್ಲವನ್ನೂ. ಭೂತಗನ್ನಡಿಯ ಮೇಲಿನ ಸಿಟ್ಟಿಗೆ ಒಂದೊಂದು ಅಕ್ಷರದ ಚೌಕವನ್ನು ಹುಡುಕಿ ಆರಿಸುವ ತಾಳ್ಮೆ ಇರಲಿಲ್ಲ. ಪುಟದಲ್ಲಿರುವುದನ್ನೆಲ್ಲ ಒಟ್ಟಿಗೆ ಬಳಿದು ಆರಿಸಿ, ಓವರ್‌ಪ್ರಿಂಟ್ ಒತ್ತಿ, ಮುಂದಿನ ಪುಟ. ಹೀಗೆ ಇಪ್ಪತ್ನಾಲ್ಕು ಸಲ. ಎಂಟು ನಿಮಿಷ.

ಕಪ್ಪು ಶಾಯಿಯನ್ನು ನೀಲಿಯ ಮೇಲೆ ಹೊಡೆದರೆ ಕಪ್ಪು ಕಾಣುತ್ತದೆ. ನಮ್ಮ ನಾಲ್ಕು ಬಣ್ಣದ ಮೆಷಿನ್ನಿನಲ್ಲಿ ಬಿಳಿ ಶಾಯಿ ಎಂಬುದು ಇಲ್ಲ. ಬಿಳಿಯೆಂದರೆ ಬರೀ ಕಾಗದ. ನೀಲಿಯನ್ನು ಕೊರೆದು ಖಾಲಿ ಬಿಟ್ಟರೆ ಮಾತ್ರ ಬಾಣ. ಕೊರೆಯಬೇಡ ಎಂದು ನಾನೇ ಹೇಳಿದ ಮೇಲೆ ನೀಲಿಯ ಮೇಲೆ ಏನೂ ಇಲ್ಲದ್ದನ್ನು ಹೊಡೆದ ಹಾಗಾಯಿತು. ಪರದೆಯೂ ಮಾಮೂಲಿ ಪ್ರಿಂಟರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಾಣ ತೋರಿಸುತ್ತವೆ. ಪ್ಲೇಟ್ ತೋರಿಸುವುದಿಲ್ಲ.

ಸ್ಕ್ರೈಬಸ್‌ನಲ್ಲಿ ಅಚ್ಚಿನ ಮುನ್ನೋಟ ತೆರೆದು ನೀಲಿಯೊಂದನ್ನೇ ಉಳಿಸಿ ನೋಡಿದೆ. ನೀಲಿ ಮನುಷ್ಯನ ಮೈಯಲ್ಲಿ ಒಂದೇ ಒಂದು ತೂತಿಲ್ಲ. ಈ ಮುನ್ನೋಟ ಅವತ್ತೂ ಇಲ್ಲೇ ಇತ್ತು. ತೆರೆದು ನೋಡಲು ಅರ್ಧ ನಿಮಿಷ ಸಾಕಿತ್ತು.

ಪ್ಲೇಟ್ ಮೆಷಿನ್ ಕೆಟ್ಟಿರಲಿಲ್ಲ. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಲಿನಕ್ಸೂ ಅಷ್ಟೇ, ಸ್ಕ್ರೈಬಸ್ಸೂ ಅಷ್ಟೇ. ಎಲ್ಲರೂ ನನ್ನ ಮಾತು ಕೇಳಿದ್ದರು.

ಮಾರ್ಚ್ 28

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಫೈಲ್ ಸರಿಪಡಿಸಿ, ಇನ್ನೊಮ್ಮೆ ಕಳಿಸುತ್ತಿದ್ದೇನೆ ಎಂದು ಎರಡು ಸಾಲು ಬರೆದರೆ ಮುಗಿಯಿತು. ಹೊಸ ಪ್ಲೇಟಿನಲ್ಲಿ ಬಾಣ ಬರುತ್ತದೆ. ಮನೆ, ನನ್ನ ಮೇಜು, ನನ್ನ ಕಂಪ್ಯೂಟರ್, ಎಲ್ಲ ನನಗೇ ಉಳಿಯುತ್ತದೆ.

ಹೇಳಿದರೋ? ಯಜಮಾನರು ಮೇಜು ಕುಟ್ಟಿ, "ನೋಡಿದಿರಾ, ಲಿನಕ್ಸ್!" ಎನ್ನುತ್ತಾರೆ. ತಪ್ಪು ಮಾಡಿದ್ದು ಲಿನಕ್ಸ್ ಅಲ್ಲ ಎಂದು ಎಷ್ಟು ಬಡಿದುಕೊಂಡರೂ ಅವರ ತಲೆಗೆ ಹೋಗುವುದಿಲ್ಲ. ಇನ್ನು ಆ ಪ್ರೆಸ್ಸಿನೊಳಗೆ ಯಾರೂ ಅದರ ಹೆಸರೆತ್ತುವ ಹಾಗಿಲ್ಲ.

ತಂಗಿಗೆ ಹೇಳಿದೆ. ಅವಳು ಉತ್ತರಪತ್ರಿಕೆಗಳಿಂದ ತಲೆ ಎತ್ತದೆ, "ಆ ಪ್ಲೇಟಿನವರು ಈಗ ಏನ್ಮಾಡ್ತಿದ್ದಾರೆ?" ಎಂದು ಕೇಳಿದಳು.

"ಹಾಳೆ ಮಡಚ್ತಿದ್ದಾನೆ."

"ಹೌದಾ," ಎಂದಳು. ಅಷ್ಟೇ.

ಮಾರ್ಚ್ 30

ಬೆಳಿಗ್ಗೆ ಎಂಟಕ್ಕೆಲ್ಲ ಯಜಮಾನರಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಇಂಥ ಮಾತನ್ನು ಮೆಸೇಜಿನಲ್ಲಿ ಬರೆದು ತಿಪ್ಪೆ ಸಾರಿಸುವ ಜಾಯಮಾನ ನನ್ನದಲ್ಲ. ಹಳೇಬೆಕ್ಕು ಹೇಳಿಕೊಟ್ಟಂತೆ ಪುಸ್ತಿಕೆಯ ಫೈಲ್ ಸಮೇತ ಇಡೀ ಲಿನಕ್ಸನ್ನೇ ನಿನ್ನೆ ಒಂದು ಪೆನ್‌ಡ್ರೈವಿಗೆ ತುಂಬಿಟ್ಟುಕೊಂಡಿದ್ದೆ. ಅದನ್ನು ಚುಚ್ಚಿದರೆ ಯಾವ ಕಂಪ್ಯೂಟರೂ ಅಷ್ಟು ಹೊತ್ತು ಲಿನಕ್ಸ್ ಆಗುತ್ತದೆ, ಕಿತ್ತರೆ ಮೊದಲಿನಂತೆ. ಪೆನ್‌ಡ್ರೈವ್ ಪರ್ಸಿಗೆ ಹಾಕಿಕೊಂಡು ಆಟೋ ಹತ್ತಿದೆ.

ಪ್ರೆಸ್ಸಿನೊಳಗೆ ಅದೇ ಶಾಯಿ, ಸೀಮೆಎಣ್ಣೆ ವಾಸನೆ. ಎರಡು ತಿಂಗಳಾಗಿತ್ತು ಈ ವಾಸನೆ ಕುಡಿದು. ಭೂತಗನ್ನಡಿ ಬೈಂಡಿಂಗ್ ಟೇಬಲ್ಲಿನ ಮುಂದೆ ಕೂತು ಹಾಳೆ ಮಡಚುತ್ತಿದ್ದ. ಕೊರಳಲ್ಲಿ ಕನ್ನಡಿ ಇರಲಿಲ್ಲ. ಅವನಿಲ್ಲದೆ ನನ್ನ ಕೆಲಸದ ತಪ್ಪು ಹಿಡಿಯುವವರು ಯಾರು? "ಏಳಿ, ಬನ್ನಿ ನನ್ನ ಜೊತೆ," ಎಂದೆ. ಎದ್ದು ಬಂದ.

ಯಜಮಾನರು ಡಿಸೈನ್ ರೂಮಿನಲ್ಲೇ ಇದ್ದರು. ಕಿಟಕಿ ಪಕ್ಕದ ಕುರ್ಚಿ ಖಾಲಿ ಇತ್ತು. ಹೊಸ ಡಿಸೈನರ್ ಇನ್ನೂ ಬಂದಿರಲಿಲ್ಲ.

"ಬಾಣ ಮಾಯ ಮಾಡಿದ್ದು ನಾನು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಏನಮ್ಮಾ? ಫೈಲ್ ಸರಿ ಇತ್ತಲ್ಲ."

"ಸರಿ ಇರಲಿಲ್ಲ. ತೋರಿಸ್ತೀನಿ, ನೋಡಿ."

ಕುರ್ಚಿ ಎಳೆದು ಕೂತೆ. ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಪರದೆ ಕಪ್ಪಾಗಿದ್ದೇ ತಡ ಯಜಮಾನರು, "ಅಯ್ಯೋ, ಏನ್ಮಾಡ್ತಿದ್ದೀರಿ ನನ್ನ ಕಂಪ್ಯೂಟರ್‌ಗೆ!" ಎಂದು ಕೈ ಚಾಚಿದರು. "ಏನೂ ಆಗಲ್ಲ, ಕಿತ್ತ ಮೇಲೆ ನಿಮ್ಮದು ನಿಮಗೇ," ಎಂದು ಆ ಕೈಯನ್ನು ಪಕ್ಕಕ್ಕೆ ಸರಿಸಿದೆ. ಹದಿನಾಲ್ಕು ವರ್ಷದಲ್ಲಿ ಅವರ ಕೈ ಸರಿಸಿದ್ದು ಇದೇ ಮೊದಲು.

ಮುನ್ನೋಟ ತೆರೆದು ನೀಲಿಯೊಂದನ್ನೇ ತೋರಿಸಿದೆ. ತೂತಿಲ್ಲದ ಮನುಷ್ಯ. ಬಾಣಗಳ ಮೇಲಿನ ಓವರ್‌ಪ್ರಿಂಟ್ ತೆಗೆದೆ. ಮತ್ತೆ ತೋರಿಸಿದೆ. ತೊಡೆಯಲ್ಲಿ, ಮೀನಖಂಡದಲ್ಲಿ, ಹಿಮ್ಮಡಿಯಲ್ಲಿ ಬಾಣದ ಆಕಾರದ ತೂತುಗಳು. "ಇವರ ಮೆಷಿನ್ ಸರಿಯಾಗೇ ಇದೆ. ಸಿಟ್ಟಲ್ಲಿ ಎಲ್ಲಾನೂ ಒಟ್ಟಿಗೆ ಆರಿಸಿ ಒತ್ತಿದವಳು ನಾನು. ಈ ಕುರ್ಚೀಲಿ ಕೂತು ನಿಮ್ಮ ದೊಡ್ಡ ಸಾಫ್ಟ್‌ವೇರಲ್ಲಿ ಒತ್ತಿದ್ರೂ ಇದೇ ಆಗ್ತಿತ್ತು."

ಭೂತಗನ್ನಡಿ ನೆಲ ನೋಡುತ್ತ, "ನಂಗೆ ಗೊತ್ತಿತ್ತು ಮೇಡಂ. ಪ್ಲೇಟ್ ನೋಡಿದ ದಿನಾನೇ ಗೊತ್ತಾಯ್ತು," ಎಂದ.

"ಮತ್ತೆ ಬಾಯಿ ಯಾಕೆ ಬಿಡಲಿಲ್ಲ?"

"ಓವರ್‌ಪ್ರಿಂಟ್ ಮಾಡಿ ಅಂದವನು ನಾನೇ ಅಲ್ವಾ. ಬಿಳೀದನ್ನ ಬಿಟ್ಟು ಮಾಡಿ ಅಂತ ಹೇಳಲಿಲ್ಲ. ಆಮೇಲೆ…" ಕನ್ನಡಿ ಇಲ್ಲದ ಕೊರಳು ಸವರಿಕೊಂಡ. "ನೀವು ಹೊಸದೊಂದು ಹಿಡ್ಕೊಂಡು ಒಬ್ಬರೇ ಒದ್ದಾಡ್ತಿದ್ರಿ. ನನ್ನಿಂದ ಯಾಕೆ ಕೆಡಬೇಕು ಅನ್ನಿಸ್ತು."

ಈ ಮನುಷ್ಯನ ಬಗ್ಗೆ ಈ ನೋಟ್‌ಬುಕ್ಕಿನಲ್ಲಿ ಏನೆಲ್ಲ ಬರೆದಿದ್ದೇನೆ.

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಅದು ಅವರು ತೀರ್ಮಾನ ಕೊಡುವ ರೀತಿ. "ಸರಿ. ನೀವಾಗೇ ಬಂದು ಹೇಳಿದ್ರಿ, ಸಂತೋಷ. ಇವನು ಪ್ಲೇಟ್ ರೂಮಿಗೆ ಹೋಗಲಿ. ಆದ್ರೆ ತಪ್ಪು ಬಂದ್ರೆ ಏನು ಅಂತ ಮಾತಾಗಿತ್ತು. ಸೋಮವಾರದಿಂದ ಬಂದು ಈ ಕುರ್ಚೀಲಿ ಕೂತ್ಕೊಳ್ಳಿ. ಈ ಲಿನಕ್ಸು ಪಿನಕ್ಸು ಎಲ್ಲ ಬಿಟ್ಟುಬಿಡಿ."

"ಸೋತಿದ್ದೀನಿ, ಬಂದು ಕೂತ್ಕೋತೀನಿ. ಅದಕ್ಕೆ ಇಲ್ಲ ಅನ್ನಲ್ಲ," ಎಂದೆ. "ಆದ್ರೆ ಇದನ್ನ ಬಿಡಲ್ಲ."

"ಮಾತು ಅಂದ್ರೆ ಪೂರ್ತಿ ಮಾತು ಕಣಮ್ಮಾ."

"ಹಾಗಾದ್ರೆ ಅರ್ಧ ಮಾತು ಮುರಿದವಳು ಅಂತಾನೇ ಇಟ್ಕೊಳ್ಳಿ. ತಪ್ಪು ಮಾಡಿದ್ದು ನಾನು, ಶಿಕ್ಷೆ ನಂಗೆ ಕೊಡಿ. ನನ್ನ ಕೈಗೆ ಸಿಕ್ಕಿರೋ ಸಾಮಾನು ಕಿತ್ಕೋಬೇಡಿ. ನಾನು ಬರೆದಿದ್ದನ್ನ ನಾನು ತೆರೆಯೋಕೆ ಇನ್ನೊಬ್ಬರ ಅಪ್ಪಣೆ ಕೇಳಲ್ಲ, ಇನ್ನು ಯಾವತ್ತೂ ಕೇಳಲ್ಲ. ಈ ಕುರ್ಚೀಲಿ ಕೂತು, ಈ ಪೆನ್‌ಡ್ರೈವ್ ಚುಚ್ಚಿ ಮಾಡ್ತೀನಿ. ಬೇಡ ಅಂದ್ರೆ ಈಗಲೇ ಹೇಳಿಬಿಡಿ, ಇಳಿದು ಹೋಗ್ತೀನಿ."

"ಹೆಂಗೆ ಇಳೀತೀರಿ?" ಎಂದು ಅವರು ಗದರಿಸಿದರು. "ಆ ಮಂಡಿ ಇಟ್ಕೊಂಡು? ಮೂರು ಮಹಡಿ ಇದೆ. ಮೊದಲು ಹೇಳಿ, ನಿಮ್ಮನ್ನ ಮೇಲೆ ಹತ್ತಿಸಿದ್ದು ಯಾರು?"

"ಯಾರೂ ಇಲ್ಲ."

ಯಜಮಾನರು ನನ್ನ ಕಾಲು ನೋಡಿದರು. ಆಮೇಲೆ ಬಾಗಿಲ ಪಕ್ಕ, ಗೋಡೆಯ ಮೂಲೆ, ಮೇಜಿನ ಅಂಚು ಎಲ್ಲ ಕಡೆ ಕಣ್ಣಾಡಿಸಿದರು. ನನಗಿಂತ ಮುಂದೆ ಹತ್ತಿ ಬಂದಿದ್ದ ಭೂತಗನ್ನಡಿಯೂ ನೋಡಿದ. ನಾನೂ ನೋಡಿದೆ. ಊರುಗೋಲು ಎಲ್ಲೂ ಇರಲಿಲ್ಲ. ಆಟೋದಲ್ಲಿ ಬಿಟ್ಟೆನೋ, ಮನೆಯಿಂದ ತಂದೇ ಇರಲಿಲ್ಲವೋ, ನೆನಪಾಗಲಿಲ್ಲ. ಮೂರು ಮಹಡಿಯುದ್ದಕ್ಕೂ ಇವರ ಮುಖಕ್ಕೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತ ಬಂದಿದ್ದೆ. ಮೆಟ್ಟಿಲು ಹತ್ತುತ್ತಿದ್ದೇನೆ ಎಂಬುದೇ ತಲೆಯಲ್ಲಿರಲಿಲ್ಲ.

ಕೂತಿದ್ದವಳು ಎದ್ದು ನಿಂತೆ, ಕುರ್ಚಿ ಹಿಡಿಯದೆ.

"ಹತ್ತಿದ ಹಾಗೇ ಇಳೀತೀನಿ," ಎಂದೆ. "ಹೇಳಿ, ಇಳೀಲಾ?"

ಯಜಮಾನರು ಕನ್ನಡಕ ಮತ್ತೆ ಏರಿಸಿಕೊಂಡು, ಪರದೆಯ ಮೇಲಿದ್ದ ನೀಲಿ ಮನುಷ್ಯನ ಹತ್ತಿರ ಮುಖ ಒಯ್ದು, ಅವನ ಮಂಡಿಯ ಮೇಲಿನ ಬಾಣವನ್ನು ನೋಡಿದರು. ಕೊನೆಗೆ ಭೂತಗನ್ನಡಿಯ ಕಡೆ ತಿರುಗಿ, "ಏನು ನಿಂತಿದ್ದೀಯ? ಮೇಡಂ ಹತ್ರ ಆ ಫೈಲ್ ಇಸ್ಕೊಂಡು ನೀಲಿ ಪ್ಲೇಟ್ ಮತ್ತೆ ಹಾಕು," ಎಂದು ಹೊರಟುಹೋದರು.

ಇಳಿಯುವಾಗ ಕಂಬಿ ಹಿಡಿದುಕೊಂಡೆ. ಸೋಮವಾರ ಒಂಬತ್ತಕ್ಕೆ ಪೆನ್‌ಡ್ರೈವ್ ಸಮೇತ ಹೋಗಬೇಕು.